ಪಂಚರ ಬೆರಳು, ನಮ್ಮ ತಕ್ಕಡಿ



ಈ ತಿಂಗಳು ಅಂಗಡಿಯ ಮಾತನ್ನು ಬದಿಗಿಟ್ಟು ಅಖಾಡದ ಮಾತಿಗೆ ಬಂದಿದ್ದೇವೆ. ಜತ್ತ, ಅಕ್ಕಲಕೋಟೆ, ಸೊಲ್ಲಾಪುರ, ಸಾಂಗ್ಲಿ ಕಡೆಯ ನಮ್ಮ ಮನೆಗಳಿಗೆ ಕುಸ್ತಿ ಹೊಸದಲ್ಲ. ನಸುಕಿನಲ್ಲಿ ತಾಲೀಮಿಗೆ ಹೋಗಿ ಮಣ್ಣು ಮೆತ್ತಿಕೊಂಡು ಬಂದು, ಸ್ನಾನ ಮಾಡಿ ಬಸದಿಯಲ್ಲಿ ಗಂಧೋದಕ ಹಚ್ಚಿಕೊಳ್ಳುವ ಹುಡುಗರು ಇಂದಿಗೂ ನಮ್ಮ ಊರುಗಳಲ್ಲಿ ಇದ್ದಾರೆ. ಹಿಂಸೆ ಬೇಡವೆನ್ನುವ ಕುಲದಲ್ಲಿ ಕುಸ್ತಿ ಏಕೆ ಎಂದು ಕೇಳುವವರಿಗೆ ನಮ್ಮ ಹಿರಿಯರು ಭರತ-ಬಾಹುಬಲಿಯರ ಕಥೆ ಹೇಳುತ್ತಿದ್ದರು. ಆ ಕಥೆಗೆ ಕಡೆಯಲ್ಲಿ ಬರುತ್ತೇವೆ. ಮೊದಲು ನಮ್ಮ ಮನೆಯಲ್ಲೇ ನಡೆದ ಒಂದು ಸಂಗತಿ ಹೇಳಿಕೊಳ್ಳಬೇಕಾಗಿದೆ. ಅದರಲ್ಲಿ ತಪ್ಪು ನಮ್ಮದು.

ನಮ್ಮ ತಮ್ಮನ ಮಗ ಶಾಲೆಗಳ ಕುಸ್ತಿಯಲ್ಲಿ 14 ವರ್ಷದೊಳಗಿನವರ ಗುಂಪಿನಲ್ಲಿ ಆಡಿದ. ತಮ್ಮನಿಗೆ ಅಂದು ಪೇಟೆಯಲ್ಲಿ ಮಾಲು ಇಳಿಯುವುದಿತ್ತು. ಹುಡುಗನ ಜೊತೆಗೆ ನಾವೇ ಹೋಗಿದ್ದೆವು. ಎರಡು ನಿಮಿಷದ ಎರಡು ಸುತ್ತು, ನಡುವೆ ಅರ್ಧ ನಿಮಿಷ ವಿಶ್ರಾಂತಿ. ನಮ್ಮ ಹುಡುಗ ನೀಲಿ, ಎದುರಿನವ ಕೆಂಪು. ಮೊದಲ ಸುತ್ತಿನಲ್ಲಿ ನಮ್ಮವನಿಗೆ ಅಂಚು ದಾಟಿಸಿದ್ದಕ್ಕೆ 1 ಅಂಕ ಸಿಕ್ಕಿತು. ಎದುರಿನವ ಕೆಳಗೆ ಕೆಡವಿ 2 ಪಡೆದ. ಎರಡನೆಯ ಸುತ್ತಿನಲ್ಲಿ ನಮ್ಮವನೂ ಕೆಡವಿ 2 ಗಳಿಸಿದ. ಲೆಕ್ಕ 3-2 ಆಯಿತು. ಇನ್ನು ಹದಿನೈದು ಸೆಕೆಂಡು ಉಳಿದಿರಬೇಕು, ಇಬ್ಬರೂ ಹಿಡಿದುಕೊಂಡೇ ಮ್ಯಾಟಿನ ಬಣ್ಣದ ಪಟ್ಟಿ ದಾಟಿ ಹೊರಗೆ ಬಂದರು. ಪಂಚರು ಕೆಂಪು ಪಟ್ಟಿಯ ಎಡಗೈ ಎತ್ತಿ ಒಂದು ಬೆರಳು ತೋರಿಸಿದರು. 3-3.

ಸಮ ಆದರೆ ಯಾರು ಗೆದ್ದರು? ಯಾರು ದೊಡ್ಡ ಅಂಕದ ಪಟ್ಟು ಹಾಕಿದರು ಎಂದು ಮೊದಲು ನೋಡುತ್ತಾರೆ, ಆಮೇಲೆ ಯಾರಿಗೆ ಎಚ್ಚರಿಕೆ ಕಡಿಮೆ ಎಂದು ನೋಡುತ್ತಾರೆ. ಅದೂ ಸಮವಾದರೆ ಕಡೆಯ ಅಂಕ ಯಾರದೋ ಅವರೇ ಗೆದ್ದಂತೆ. ಕಡೆಯ ಅಂಕ ಕೆಂಪಿನದು. ನಮ್ಮ ಹುಡುಗ ಸೋತ.

ಯಾರ ಕಾಲು ಮೊದಲು ಹೊರಗೆ ಹೋಯಿತು? ನಾವು ಕುಳಿತ ಕಡೆಯಿಂದ ಎದುರಿನವನ ಕಾಲೇ ಮೊದಲು ಹೋದಂತೆ ಕಂಡಿತು. ಅಷ್ಟೇ ಸಾಕಾಯಿತು. ಎದ್ದು ಅಂಚಿನವರೆಗೆ ಹೋಗಿ ಕೂಗಾಡಿದೆವು. "ದುಡ್ಡು ತಿಂದೀರಿ" ಎಂಬ ಮಾತೂ ನಮ್ಮ ಬಾಯಿಂದ ಬಂತು. ಹುಡುಗ ಎದುರಿನವನಿಗೆ ಕೈ ಕೊಡಲು ಹೊರಟಿದ್ದ, ಅವನ ರಟ್ಟೆ ಹಿಡಿದು ಎಳೆದುಕೊಂಡು ಬಂದೆವು. ಪಂಚರ ಕೈ ಮುಟ್ಟಲಿಲ್ಲ, ಎದುರಿನ ಉಸ್ತಾದರಿಗೂ ನಮಸ್ಕಾರ ಮಾಡಲಿಲ್ಲ. ಜೀಪಿನಲ್ಲಿ ಕುಳಿತ ಮೇಲೂ ಊರು ಮುಟ್ಟುವವರೆಗೆ ಅದೇ ಮಾತು. ಹೊತ್ತು ಮುಳುಗುತ್ತ ಬಂದಿತ್ತು. ಹುಡುಗ ಮಧ್ಯಾಹ್ನದಿಂದ ಏನೂ ತಿಂದಿಲ್ಲ ಎಂಬುದು ನಮಗೆ ನೆನಪಾಗಲಿಲ್ಲ. ಮನೆ ಮುಟ್ಟಿದಾಗ ಸೂರ್ಯಾಸ್ತವಾಗಿತ್ತು, ಅವನು ಹಾಗೆಯೇ ಮಲಗಿದ.

ಮರುದಿನ ತಾಲೀಮಿಗೆ ಹೋಗಲಿಲ್ಲ. ಅದರ ಮರುದಿನವೂ ಇಲ್ಲ. ಮೂರನೆಯ ದಿನ ನಮ್ಮ ಅವ್ವ ಬಾದಾಮಿ ಅರೆದ ಹಾಲು ಕೊಟ್ಟು ಕೇಳಿದರೂ ಬಾಯಿ ಬಿಡಲಿಲ್ಲ. ರಾತ್ರಿ ಕೀರ್ದಿ ಬರೆಯುತ್ತಿದ್ದಾಗ ನಮ್ಮ ಹತ್ತಿರ ಬಂದು ನಿಂತ.

"ದೊಡ್ಡಪ್ಪಾ, ಮೊದಲನೇ ಸುತ್ತಿನ್ಯಾಗ ನನಗ ಒಂದು ಪಾಯಿಂಟ್ ಕೊಟ್ರಲ್ಲ, ಅದು ನಂದಲ್ಲ. ನನ್ನ ಕಾಲು ಮೊದಲು ಹೋಗಿತ್ತು."

"ಮತ್ತ ಅವಾಗ ಯಾಕ ಹೇಳಲಿಲ್ಲ?"

"ನೀವೂ ಹೇಳಲಿಲ್ಲಲ್ಲ. ನೀವು ಚಪ್ಪಾಳಿ ಹೊಡದ್ರಿ."

ನಮ್ಮ ಕೈಯ ಪೆನ್ನು ನಿಂತಿತು. ನಲವತ್ತು ವರ್ಷ ಅಂಗಡಿಯಲ್ಲಿ ಕುಳಿತವರು ನಾವು. ಕೀರ್ದಿಯ ಎರಡೂ ಬದಿ ಕೂಡಿಸದೆ ಮಲಗಿದವರಲ್ಲ. ಆದರೆ ಅಖಾಡದ ಲೆಕ್ಕದಲ್ಲಿ ನಮಗೆ ಬರಬೇಕಾದದ್ದನ್ನು ಮಾತ್ರ ಬರೆದುಕೊಂಡೆವು. ಕೊಡಬೇಕಾದದ್ದರ ಪುಟ ತೆರೆಯಲೇ ಇಲ್ಲ. ಪಂಚರು ಎರಡು ಸಲ ತಪ್ಪಿದ್ದರೆ ಒಂದು ನಮಗೆ ಲಾಭ, ಒಂದು ನಮಗೆ ನಷ್ಟ. ಲಾಭದ ತಪ್ಪಿಗೆ ಚಪ್ಪಾಳೆ, ನಷ್ಟದ ತಪ್ಪಿಗೆ ಬೈಗುಳ. ಅಚೌರ್ಯ ಅಣುವ್ರತದ ಅತಿಚಾರಗಳಲ್ಲಿ ಹೀನಾಧಿಕ ಮಾನೋನ್ಮಾನ ಎಂಬುದೊಂದಿದೆ. ಕೊಳ್ಳುವಾಗ ಒಂದು ಅಳತೆ, ಮಾರುವಾಗ ಇನ್ನೊಂದು ಅಳತೆ ಇಟ್ಟುಕೊಳ್ಳುವ ದೋಷ ಅದು. ತಕ್ಕಡಿಯ ಹೊರಗೂ ಆ ದೋಷ ಅಂಟಿಕೊಳ್ಳುತ್ತದೆ ಎಂದು ಹದಿನಾಲ್ಕೂ ತುಂಬದ ಹುಡುಗ ನಮಗೆ ತೋರಿಸಿದ.

ಇದು ನಮ್ಮ ಮನೆಯೊಂದರ ಮಾತಾಗಿದ್ದರೆ ಇಲ್ಲಿ ಬರೆಯುತ್ತಿರಲಿಲ್ಲ. 2025ರ ಫೆಬ್ರವರಿಯಲ್ಲಿ ಅಹಿಲ್ಯಾನಗರದಲ್ಲಿ ನಡೆದ ಮಹಾರಾಷ್ಟ್ರ ಕೇಸರಿ ಕುಸ್ತಿಯನ್ನು ನಿಮ್ಮಲ್ಲಿ ಅನೇಕರು ನೋಡಿದ್ದೀರಿ. ಹಿಂದೆ ಆ ಗದೆಯನ್ನು ಗೆದ್ದಿದ್ದ ಮಲ್ಲನೊಬ್ಬ, ತನ್ನ ಎರಡೂ ಭುಜ ನೆಲ ಮುಟ್ಟಿಲ್ಲ, ವಿಡಿಯೋ ನೋಡಿರಿ ಎಂದು ಕೇಳಿದ. ಕೇಳಿದ್ದು ನಡೆಯದಿದ್ದಾಗ ಪಂಚರ ಕೊರಳಪಟ್ಟಿಗೆ ಕೈ ಹಾಕಿ ಒದ್ದ. ಅವನಿಗೆ 3 ವರ್ಷ ನಿಷೇಧವೆಂದು ಪ್ರಕಟವಾಯಿತು. ಫೈನಲ್ಲಿನಲ್ಲಿ ಪಂಚರೊಡನೆ ಜಗಳವಾಡಿ ಕಣ ಬಿಟ್ಟ ಇನ್ನೊಬ್ಬ ಮಲ್ಲನಿಗೂ ಅಷ್ಟೇ. ಭುಜ ಮುಟ್ಟಿತ್ತೋ ಇಲ್ಲವೋ ಎಂಬ ಪ್ರಶ್ನೆ ನ್ಯಾಯದ್ದೇ ಆಗಿರಬಹುದು. ಆದರೆ ಕಾಲೆತ್ತಿದ ಗಳಿಗೆಯಲ್ಲಿ ಆ ಪ್ರಶ್ನೆಯನ್ನು ಕೇಳುವವರೇ ಇಲ್ಲವಾದರು. ಜನರ ಬಾಯಲ್ಲಿ ಉಳಿದದ್ದು ಒದೆ ಮಾತ್ರ.

2016ರ ರಿಯೋ ಒಲಿಂಪಿಕ್ಸಿನಲ್ಲಿ ಇದಕ್ಕಿಂತ ವಿಚಿತ್ರ ನಡೆಯಿತು. 65 ಕಿಲೋ ಕಂಚಿನ ಪದಕದ ಕುಸ್ತಿಯಲ್ಲಿ ಮಂಗೋಲಿಯಾದ ಮಲ್ಲ ಮುಂದಿದ್ದ. ಕೊನೆಯ ಸೆಕೆಂಡುಗಳಲ್ಲಿ ಎದುರಾಳಿಯ ಕೈಗೆ ಸಿಗದೆ ಕುಣಿಯತೊಡಗಿದ. ಕುಸ್ತಿಯಿಂದ ಓಡಿದನೆಂದು ಉಜ್ಬೇಕಿಸ್ತಾನದ ಎದುರಾಳಿಗೆ ಅಂಕ ಕೊಟ್ಟರು, ಪದಕ ಕೈತಪ್ಪಿತು. ಅವನ ಇಬ್ಬರು ಉಸ್ತಾದರು ಎಲ್ಲರೆದುರು ಬಟ್ಟೆ ಕಳಚಿ ಪ್ರತಿಭಟಿಸಿದರು. ಫಲಿತಾಂಶ ಕೂದಲೆಳೆಯಷ್ಟೂ ಬದಲಾಗಲಿಲ್ಲ.

ಹಾಗಾದರೆ ಪಂಚರು ತಪ್ಪಿದರೆ ಬಾಯಿ ಮುಚ್ಚಿಕೊಂಡಿರಬೇಕೇ? ಹಾಗೆ ನಾವು ಹೇಳುವುದಿಲ್ಲ. ಪೇಟೆಯಲ್ಲಿ ತೂಕಕ್ಕೆ ಒಂದು ಕ್ರಮವಿದೆ. ತೂಗುವ ಮುಂಚೆ ತಕ್ಕಡಿ ನೋಡಿಕೊಳ್ಳುತ್ತೇವೆ. ತೂಗುವಾಗ ಸಂಶಯ ಬಂದರೆ ಅಲ್ಲೇ ಇನ್ನೊಮ್ಮೆ ತೂಗಿಸುತ್ತೇವೆ. ಚೀಟಿ ಹರಿದು ಲಾರಿ ಹೋದ ಮೇಲೆ ಬಾಜಾರ ಸಮಿತಿಗೆ ಅರ್ಜಿ ಬರೆಯುತ್ತೇವೆ. ಹಮಾಲನ ಕೊರಳು ಹಿಡಿಯುವುದಿಲ್ಲ. ಅಖಾಡಕ್ಕೂ ಇದೇ ಕ್ರಮ ಸಾಕು.

ಮೊದಲನೆಯದು, ನಿಯಮ ತಿಳಿದುಕೊಂಡು ಹೋಗಬೇಕು. ನಮ್ಮ ಹಿರಿಯರು ಕಂಡ ಮಣ್ಣಿನ ಕುಸ್ತಿಯಲ್ಲಿ ಅಂಕವಿರಲಿಲ್ಲ. ಬೆನ್ನು ಮಣ್ಣಿಗೆ ಹತ್ತಿದರೆ ಚಿತ್, ಇಲ್ಲವಾದರೆ ಬರಾಬರಿ. ರಾಜರ್ಷಿ ಶಾಹು ಮಹಾರಾಜರು ಕೊಲ್ಲಾಪುರದಲ್ಲಿ ಕಟ್ಟಿಸಿದ, 1912ರಿಂದ ಇರುವ ಖಾಸಬಾಗ ಮೈದಾನದಲ್ಲಿ ಸಾವಿರಾರು ಜನ ಕುಳಿತರೂ ಚಿತ್ ಆದದ್ದು ಎಲ್ಲರಿಗೂ ಕಾಣುತ್ತಿತ್ತು. ಮ್ಯಾಟಿನ ಕುಸ್ತಿ ಹಾಗಲ್ಲ. 9 ಮೀಟರಿನ ವೃತ್ತದಲ್ಲಿ ಒಂದೊಂದು ಹೆಜ್ಜೆಗೂ ಲೆಕ್ಕ. ಅಲ್ಲಿ ಮೂವರು ಅಧಿಕಾರಿಗಳಿರುತ್ತಾರೆ: ಮ್ಯಾಟಿನ ಮೇಲಿನ ಪಂಚರು, ಬದಿಯ ಜಡ್ಜ್, ಮೇಜಿನ ಮುಖ್ಯಸ್ಥರು. ಮೂವರಲ್ಲಿ ಇಬ್ಬರು ಒಪ್ಪಿದ್ದು ತೀರ್ಪು. ಒಬ್ಬನ ಕಣ್ಣಿಗೆ ಎಲ್ಲ ಬದಿಯೂ ಕಾಣುವುದಿಲ್ಲ ಎಂಬ ಅರಿವಿನಿಂದಲೇ ಮೂವರನ್ನು ಇಟ್ಟಿದ್ದಾರೆ. ಅನೇಕಾಂತ ಕೇಳಿ ಬೆಳೆದ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ನಾವು ಕುಳಿತ ಜಾಗವೂ ಒಂದೇ ಬದಿ ಎಂಬುದನ್ನು ಮಾತ್ರ ಮರೆಯುತ್ತೇವೆ.

ಎರಡನೆಯದು, ಕಣದಲ್ಲಿ ಮಾತಾಡುವ ಹಕ್ಕು ಉಸ್ತಾದರದು. ವಿಡಿಯೋ ವ್ಯವಸ್ಥೆ ಇದ್ದ ಕಡೆ ಅವರು ಸ್ಪಂಜು ಎಸೆದು ಪುನಃ ನೋಡಿರೆಂದು ಕೇಳಬಹುದು. ಅದೂ ಅಂಕ ಬಿದ್ದ ಕೂಡಲೆ ಕೇಳಬೇಕು. ಹುಡುಗನಿಗೆ ಒಪ್ಪಿಗೆ ಇಲ್ಲದಿದ್ದರೆ ಅವನು ಬೇಡವೆನ್ನಬಹುದು. ನೋಡಿದಾಗ ನಮ್ಮ ಮಾತು ಸುಳ್ಳಾದರೆ ಎದುರಿನವನಿಗೆ 1 ಅಂಕ ಹೋಗುತ್ತದೆ, ಮತ್ತೆ ಕೇಳುವ ಹಕ್ಕೂ ಹೋಗುತ್ತದೆ. ಆದ್ದರಿಂದ ಸಂಶಯವಿದ್ದಲ್ಲಿ ಎಸೆಯುವ ವಸ್ತುವಲ್ಲ ಅದು. ವಿಡಿಯೋ ಇಲ್ಲದ ಶಾಲೆಯ ಕುಸ್ತಿಯಲ್ಲಿ ಉಸ್ತಾದರು ಮೇಜಿನ ಮುಖ್ಯಸ್ಥರ ಬಳಿ ಸಮಾಧಾನದಿಂದ ವಿಚಾರಿಸಬಹುದು. ಗೆದ್ದವನ ಕೈ ಎತ್ತಿದ ಮೇಲೆ ಮಾತ್ರ ಮುಗಿಯಿತು. ಅಂತರರಾಷ್ಟ್ರೀಯ ನಿಯಮದಲ್ಲೂ ಮ್ಯಾಟಿನ ಮೇಲೆ ಸಾರಿದ ಗೆಲುವನ್ನು ಆಮೇಲೆ ತಿದ್ದುವುದಿಲ್ಲ.

ಮೂರನೆಯದು, ಕೆಲವು ವಿಷಯಗಳಲ್ಲಿ ಮೌನ ದೋಷವೇ. ಹುಡುಗನ ಕತ್ತು, ಮೊಣಕೈ ತಿರುಚುವ ನಿಷಿದ್ಧ ಪಟ್ಟನ್ನು ಪಂಚರು ನೋಡದಿದ್ದರೆ ಉಸ್ತಾದರು ತಕ್ಷಣ ಕೂಗಿ ನಿಲ್ಲಿಸಬೇಕು. ವಯಸ್ಸು ಮುಚ್ಚಿಟ್ಟು ದೊಡ್ಡ ಹುಡುಗರನ್ನು ಚಿಕ್ಕವರ ಗುಂಪಿಗೆ ಇಳಿಸಿದ್ದರೆ, ತೂಕ ನೋಡುವ ಹೊತ್ತಿಗೇ ಜನ್ಮದಾಖಲೆ ಕೇಳಬೇಕು. ಒಬ್ಬ ಪಂಚರು ಒಂದೇ ತಾಲೀಮಿನ ಕಡೆಗೆ ಮತ್ತೆ ಮತ್ತೆ ವಾಲುತ್ತಿದ್ದಾರೆಂದು ಖಾತ್ರಿಯಾದರೆ, ದಿನಾಂಕ, ತೂಕದ ಗುಂಪು, ಎಷ್ಟನೆಯ ಸುತ್ತು, ಏನು ನಡೆಯಿತು ಎಂದು ಒಂದೇ ಪುಟದಲ್ಲಿ ಬರೆದು ಸಂಘಟಕರಿಗೆ ಕೊಡಬೇಕು. ಬೈಗುಳ ಬರೆಯಬಾರದು. ಅರ್ಜಿ ಕೊಡಲು ಹುಡುಗನನ್ನು ಕರೆದುಕೊಂಡು ಹೋಗಬಾರದು. ಅದು ದೊಡ್ಡವರ ಕೆಲಸ. ಉತ್ತಮ ಕ್ಷಮೆ ಎಂದರೆ ಮೋಸಕ್ಕೆ ಕಣ್ಣು ಮುಚ್ಚುವುದೆಂದು ಯಾವ ಮುನಿಗಳೂ ಹೇಳಿಲ್ಲ.

ನಾಲ್ಕನೆಯದು ಮನೆಯ ತಾಯಂದಿರಿಗೂ ಸೇರಿದ್ದು. ಸೋತು ಬಂದ ಮಗನಿಗೆ ಮೊದಲು ನೀರು, ಹೊತ್ತು ಮುಳುಗುವ ಮುಂಚೆ ಊಟ. ದಾರಿಯಲ್ಲಿ ತೀರ್ಪಿನ ಮಾತು ಬೇಡ. ಮರುದಿನ ಅವನಾಗಿ ತೆಗೆದರೆ ಕೇಳಬೇಕು. ಪಂಚರು ತಪ್ಪಿದ್ದರೆ "ಹೌದು, ತಪ್ಪಿರಬೇಕು" ಎಂದು ಒಪ್ಪಿಕೊಳ್ಳಲು ಅಡ್ಡಿಯಿಲ್ಲ. ಸುಳ್ಳು ಸಮಾಧಾನ ಮಕ್ಕಳಿಗೆ ಬೇಗ ತಿಳಿಯುತ್ತದೆ. ಆಮೇಲೆ, "ಅಂಚಿಗೆ ಹೋಗುವ ಮುಂಚೆ ನಿನ್ನ ಕೈಯಲ್ಲಿ ಏನಿತ್ತು?" ಎಂದು ಕೇಳಬೇಕು. 3-2 ಇದ್ದಾಗ ನಮ್ಮ ಹುಡುಗ ನಡುವಿಗೆ ಬಂದು ಕಾದಾಡಿದ್ದರೆ ಪಂಚರ ಬೆರಳಿಗೆ ಕೆಲಸವೇ ಇರುತ್ತಿರಲಿಲ್ಲ. ಇದನ್ನು ಹೇಳಿದವರು ಅವನ ಉಸ್ತಾದರು. ಈಗ ಅವನು ತಾಲೀಮಿನಲ್ಲಿ ದಿನವೂ ಅಂಚಿನಿಂದ ತಿರುಗಿ ನಡುವಿಗೆ ಬರುವುದನ್ನೇ ಕಲಿಯುತ್ತಿದ್ದಾನೆ.

ಈಗ ಹಿರಿಯರು ಹೇಳುತ್ತಿದ್ದ ಕಥೆ. ಅಣ್ಣತಮ್ಮಂದಿರ ಸೈನ್ಯಗಳು ಎದುರುಬದುರು ನಿಂತಾಗ, ಇಷ್ಟು ಜೀವ ಏಕೆ ಹೋಗಬೇಕೆಂದು ಮಂತ್ರಿಗಳು ಮೂರು ಪಂದ್ಯ ನಿಶ್ಚಯಿಸಿದರು: ದೃಷ್ಟಿಯುದ್ಧ, ಜಲಯುದ್ಧ, ಮಲ್ಲಯುದ್ಧ. ಮೂರರಲ್ಲೂ ಭರತ ಸೋತ. ಚಕ್ರವರ್ತಿಯಾದರೂ ಆ ತೀರ್ಪನ್ನು ನುಂಗಲಾರದೆ ತಮ್ಮನ ಮೇಲೆ ಚಕ್ರರತ್ನ ಬಿಟ್ಟ. ಚಕ್ರ ಬಾಹುಬಲಿಗೆ ಪ್ರದಕ್ಷಿಣೆ ಬಂದು ನಿಂತಿತು. 941ರಲ್ಲಿ ಪಂಪ ಆದಿಪುರಾಣದಲ್ಲಿ ಹೇಳಿದ ಈ ಪ್ರಸಂಗವನ್ನು ನಾವು ಚಿಕ್ಕಂದಿನಿಂದ ಕೇಳಿದ್ದೇವೆ. ಗೆದ್ದವನ ವೈರಾಗ್ಯವನ್ನು ಎಲ್ಲರೂ ಹೊಗಳುತ್ತೇವೆ. ಸೋತವನ ಕೈಯ ಚಕ್ರ ನಮ್ಮ ಕೈಯಲ್ಲೂ ಇದೆ ಎಂಬುದು ಅಂದು ಜೀಪಿನಲ್ಲಿ ನಮಗೆ ಹೊಳೆದಿರಲಿಲ್ಲ.

ದಶಲಕ್ಷಣ ಪರ್ವ ಮುಗಿದು ಕ್ಷಮಾವಾಣಿಯ ದಿನ ಬಂತು. ಮನೆ ಮನೆಗೆ ಹೋಗಿ ಕೈಮುಗಿದೆವು. ಸಂಜೆ ಹುಡುಗ, "ಆ ಪಂಚರ ಹತ್ರ ಹೋಗೂಣಲ್ಲಾ?" ಎಂದ. ಅವರು ಪಕ್ಕದ ಊರಿನ ಶಾಲೆಯ ಮಾಸ್ತರರು. ಮರುದಿನ ಹೋದೆವು. ನಾವು ಆಡಿದ ಮಾತನ್ನು ಹೆಸರಿಟ್ಟು ಹೇಳಿ ಕ್ಷಮೆ ಕೇಳಿದೆವು. ಅವರು ಚಹಾ ತರಿಸಿದರು. ಸ್ವಲ್ಪ ಹೊತ್ತಿನ ಮೇಲೆ ತಾವಾಗಿಯೇ ಹೇಳಿದರು:

"ಆ ಮೂಲಿಯೊಳಗ ನನಗ ಅರ್ಧ ಮರಿ ಆಗಿತ್ರೀ ಸಾಹುಕಾರ್ರ. ಬದಿಯವರನ್ನ ಕೇಳಿ ಕೊಟ್ಟೆ. ಕೊಟ್ಟದ್ದು ಬರೋಬರಿ ಅಂತ ಈಗೂ ಅನಸ್ತದ. ಮೊದಲನೇದು ಮಾತ್ರ ನನ್ನ ಮನಸ್ಸಿನ್ಯಾಗ ಉಳದೈತಿ."

ಹುಡುಗ ನಮ್ಮ ಮುಖ ನೋಡಿದ. ನಾವು ನೆಲ ನೋಡಿದೆವು. ಆಮೇಲೆ ಅವನೇ ಮಾಸ್ತರರಿಗೆ, "ಅದು ನನ್ನ ಕಾಲೇ ರೀ ಸರ್" ಎಂದ. ಅವರು ಅವನ ಬೆನ್ನು ತಟ್ಟಿ, ಮುಂದಿನ ಸಲ ಯಾವ ತೂಕದಲ್ಲಿ ಆಡುತ್ತೀ ಎಂದು ವಿಚಾರಿಸಿದರು.

ನಿಮ್ಮ ಮನೆಯ ಹುಡುಗ ಅಥವಾ ಹುಡುಗಿ ಈ ವರ್ಷ ಅಖಾಡಕ್ಕೆ ಇಳಿಯುವುದಿದ್ದರೆ ಜೊತೆಗೆ ಹೋಗಿರಿ, ಮನಸಾರೆ ಚಪ್ಪಾಳೆ ಹೊಡೆಯಿರಿ. ಕೀರ್ದಿಯ ಎರಡೂ ಬದಿ ಬರೆದುಕೊಳ್ಳಿರಿ. ಬುತ್ತಿ ಮರೆಯಬೇಡಿರಿ.

ಜೈ ಜಿನೇಂದ್ರ.