ಮನೆಗೆ ಎರಡನೆಯ ಮೋಟಾರು

ಸಂಸಾರವು ಬೆಳೆದಂತೆ ಅದರ ಅವಶ್ಯಕತೆಗಳೂ ಬೆಳೆಯುವುದು ಸಹಜವಷ್ಟೆ. ಒಂದು ಒಲೆಯಿಂದ ಸಾಗುತ್ತಿದ್ದ ಅಡಿಗೆಗೆ ಎರಡು ಒಲೆಗಳು ಬೇಕಾಗುತ್ತವೆ. ಒಂದೇ ಕೊಠಡಿಯಲ್ಲಿ ಮಲಗುತ್ತಿದ್ದ ಮಕ್ಕಳಿಗೆ ಬೇರೆ ಬೇರೆ ಕೊಠಡಿಗಳು ಬೇಕಾಗುತ್ತವೆ. ಹಾಗೆಯೇ ಈಗ ಬೆಂಗಳೂರು, ಮೈಸೂರು, ಹುಬ್ಬಳ್ಳಿ, ಮಂಗಳೂರುಗಳ ಗೃಹಸ್ಥರಲ್ಲಿ ಅನೇಕರು, “ಮನೆಯಲ್ಲಿ ಒಂದು ಮೋಟಾರು ಇದೆ, ಅದು ಸಾಲದು, ಸಣ್ಣದೊಂದನ್ನು ಇನ್ನೂ ಕೊಳ್ಳಬಹುದೆ? ಕೊಂಡರೆ ಎಂಥದನ್ನು ಕೊಳ್ಳಬೇಕು?” ಎಂದು ಆಲೋಚಿಸುತ್ತಿರುವರು. ಈ ತಿಂಗಳು ಆ ವಿಷಯವನ್ನೇ ವಾಚಕರ ಮುಂದಿಡಬೇಕೆಂದು ನಾವು ನಿಶ್ಚಯಿಸಿದೆವು.

ಒಂದು ಕಾಲದಲ್ಲಿ ಈ ಪ್ರಶ್ನೆಯೇ ಹುಟ್ಟುತ್ತಿರಲಿಲ್ಲ. ಅಂಬಾಸಿಡರ್ ಅಥವಾ ಪ್ರೀಮಿಯರ್ ಪದ್ಮಿನಿಗಾಗಿ ಹಣ ಕಟ್ಟಿ ವರ್ಷಗಟ್ಟಲೆ ಕಾದಿದ್ದ ಮನೆಗಳು ನಮ್ಮಲ್ಲಿ ಎಷ್ಟೋ ಇದ್ದುವು. 1983ನೆಯ ಡಿಸೆಂಬರಿನಲ್ಲಿ ಮಾರುತಿ 800 ಬಂದ ಮೇಲೆ ಸಣ್ಣ ಕಾರು ಮಧ್ಯಮ ವರ್ಗದವರ ಕೈಗೆ ನಿಲುಕಿತು. ಆ ಗಾಡಿಯ ತಯಾರಿಕೆ 2014ರಲ್ಲಿ ನಿಂತುಹೋಯಿತು. ಮಳೆಯಲ್ಲಿ ಒಂದೇ ಸ್ಕೂಟರಿನ ಮೇಲೆ ನಾಲ್ವರು ಹೋಗುವುದನ್ನು ಕಂಡು ಮನಮರುಗಿ ರತನ್ ಟಾಟಾ ಅವರು ಯೋಚಿಸಿದ ನ್ಯಾನೋ 2009ರಲ್ಲಿ ಮಾರಾಟಕ್ಕೆ ಬಂದಿತು. ಲಕ್ಷ ರೂಪಾಯಿಯ ಕಾರೆಂದು ಹೆಸರಾದ ಅದೂ 2018ರ ಹೊತ್ತಿಗೆ ಮರೆಯಾಯಿತು. ಬರಿಯ ಅಗ್ಗವನ್ನೇ ನೋಡಿ ಜನರು ಮೋಟಾರು ಕೊಳ್ಳುವುದಿಲ್ಲವೆಂಬುದು ಇದರಿಂದ ತಿಳಿದುಬರುತ್ತದೆ. ಹಾಗಾದರೆ ಏನನ್ನು ನೋಡಬೇಕು?

ಮೊದಲು ನೋಡತಕ್ಕದ್ದು ಅವಶ್ಯಕತೆಯನ್ನು. ಲೆಕ್ಕವನ್ನು ಕಾಗದದ ಮೇಲೆ ಬರೆದು ನೋಡುವುದು ಒಳ್ಳೆಯದು. ಆರು ಲಕ್ಷ ರೂಪಾಯಿ ಬೆಲೆಯ ಹೊಸ ಕಾರೊಂದನ್ನು ಕೊಳ್ಳುವುದಾಗಿ ಇಟ್ಟುಕೊಳ್ಳೋಣ. ನಮ್ಮ ರಾಜ್ಯದಲ್ಲಿ ಐದು ಲಕ್ಷವನ್ನು ದಾಟಿ ಹತ್ತು ಲಕ್ಷದೊಳಗಿರುವ ಕಾರಿಗೆ ಜೀವಾವಧಿ ತೆರಿಗೆ ನೂರಕ್ಕೆ 14ರಂತೆ ಬೀಳುತ್ತದೆ. ಅಂದರೆ 84,000 ರೂಪಾಯಿ, ಅದರ ಮೇಲೆ ಸೆಸ್ಸು ಬೇರೆ. ವಿಮೆಯೂ ರಿಜಿಸ್ಟ್ರೇಷನ್ ಖರ್ಚೂ ಸೇರಿದರೆ ಆರು ಲಕ್ಷದ ಗಾಡಿ ಮನೆಯ ಬಾಗಿಲಿಗೆ ಬರುವ ಹೊತ್ತಿಗೆ ಏಳು ಲಕ್ಷದ ಗಾಡಿಯಾಗಿರುತ್ತದೆ. ಅಂಗಡಿಯವರು ಹಲಗೆಯ ಮೇಲೆ ಬರೆದ ಬೆಲೆಯನ್ನು ನಂಬಿ ಹಣ ಹೊಂದಿಸಿಕೊಂಡವರು ಇಲ್ಲಿಯೇ ಎಡವುತ್ತಾರೆ.

ಐದು ಲಕ್ಷವನ್ನು ನೂರಕ್ಕೆ ಒಂಬತ್ತರ ಬಡ್ಡಿಯಲ್ಲಿ ಐದು ವರ್ಷಕ್ಕೆ ಸಾಲವಾಗಿ ಪಡೆದರೆ ತಿಂಗಳ ಕಂತು ಸುಮಾರು 10,380 ರೂಪಾಯಿ. ಅದೇ ಸಾಲವನ್ನು ಏಳು ವರ್ಷಕ್ಕೆ ಎಳೆದರೆ ಕಂತು 8,045ಕ್ಕೆ ಇಳಿಯುತ್ತದೆ, ನೋಡಲು ಹಗುರವೆನಿಸುತ್ತದೆ. ಆದರೆ ಒಟ್ಟು ಬಡ್ಡಿ ಸುಮಾರು 1,23,000ದಿಂದ 1,76,000ಕ್ಕೆ ಏರುತ್ತದೆ. ಏಳನೆಯ ವರ್ಷದಲ್ಲಿ ಹಳೆಯ ಗಾಡಿಗೆ ರಿಪೇರಿಯ ಹಣವನ್ನೂ ಕಂತಿನ ಹಣವನ್ನೂ ಒಟ್ಟಿಗೆ ತೆರಬೇಕಾಗುವುದು ಸುಖದ ಮಾತಲ್ಲ. ಐದು ವರ್ಷದೊಳಗೆ ತೀರಿಸಲಾಗದ ಸಾಲವು ಆ ಮನೆಗೆ ದೊಡ್ಡದೆಂದೇ ನಮ್ಮ ಅಭಿಪ್ರಾಯ.

ವರ್ಷಕ್ಕೆ 8,000 ಕಿಲೋಮೀಟರು ಓಡಿಸಿ, ಊರೊಳಗಿನ ದಟ್ಟಣೆಯಲ್ಲಿ ಲೀಟರಿಗೆ 16 ಕಿಲೋಮೀಟರು ದೊರೆತರೆ 500 ಲೀಟರು ಪೆಟ್ರೋಲು ಬೇಕು. ಲೀಟರಿಗೆ ನೂರು ರೂಪಾಯಿಯೆಂದು ಹಿಡಿದರೂ ತಿಂಗಳಿಗೆ ನಾಲ್ಕು ಸಾವಿರದ ಮೇಲಾಯಿತು. ವಿಮೆ, ಸರ್ವಿಸು, ಟೈರು ಮೊದಲಾದುವಕ್ಕೆ ತಿಂಗಳಿಗೆ ಮೂರು ಸಾವಿರವನ್ನು ತೆಗೆದಿಟ್ಟರೆ, ಕಂತು ಸೇರಿ ಎಲ್ಲವೂ 17,500ಕ್ಕೆ ಬರುತ್ತದೆ. ದಿನಕ್ಕೆ ಎರಡು ಬಾರಿ ನೂರೈವತ್ತು ರೂಪಾಯಿ ಕೊಟ್ಟು ಆಟೋದಲ್ಲಿ ಹೋಗಿಬಂದರೂ ತಿಂಗಳ ಇಪ್ಪತ್ತೆರಡು ಕೆಲಸದ ದಿನಗಳಿಗೆ 6,600 ರೂಪಾಯಿ ಮಾತ್ರ. ಆದಕಾರಣ ಹಣ ಉಳಿಯುತ್ತದೆಂದು ಎರಡನೆಯ ಮೋಟಾರನ್ನು ಕೊಳ್ಳುವವರು ತಮ್ಮನ್ನು ತಾವೇ ವಂಚಿಸಿಕೊಳ್ಳುತ್ತಾರೆ. ಮೆಟ್ರೋ ಹತ್ತಿರವಿದ್ದು, ಶಾಲೆಯ ಬಸ್ಸು ಬಾಗಿಲಿಗೇ ಬರುವ ಮನೆಯವರು ಈ ಲೇಖನವನ್ನು ಇಲ್ಲಿಗೇ ನಿಲ್ಲಿಸಿ ಹಣವನ್ನು ಬ್ಯಾಂಕಿನಲ್ಲಿಡಬಹುದು.

ಆದರೆ ಹಣದಿಂದ ಅಳೆಯಲಾಗದ ಅವಶ್ಯಕತೆಗಳೂ ಉಂಟು. ಯಜಮಾನರು ಬೆಳಗ್ಗೆ ಎಂಟಕ್ಕೆ ಮೋಟಾರನ್ನು ಕಚೇರಿಗೆ ತೆಗೆದುಕೊಂಡುಹೋದರೆ ಅದು ಸಂಜೆಯವರೆಗೆ ಅಲ್ಲಿಯೇ ನಿಂತಿರುತ್ತದೆ. ಮನೆಯಲ್ಲಿ ಉಳಿದ ಗೃಹಿಣಿಯು, ತಾನೂ ಉದ್ಯೋಗಕ್ಕೆ ಹೋಗುವವಳಾದರೆ, ಒಂದು ಮಗುವನ್ನು ಸ್ಕೂಟರಿನ ಮುಂದೆ ನಿಲ್ಲಿಸಿಕೊಂಡು, ಇನ್ನೊಂದನ್ನು ಹಿಂದೆ ಕೂರಿಸಿಕೊಂಡು, ಮಳೆಯಲ್ಲಿಯೂ ಲಾರಿಗಳ ನಡುವೆಯೂ ಸಾಗುತ್ತಾಳೆ. ಅತ್ತೆಯವರನ್ನು ಮಂಡಿಯ ನೋವಿಗಾಗಿ ಆಸ್ಪತ್ರೆಗೆ ಕರೆದೊಯ್ಯಬೇಕಾದ ದಿನ ಅವರು ಆಟೋ ಹತ್ತಲಾರರು. ಇಂತಹ ಮನೆಯಲ್ಲಿ ಎರಡನೆಯ ಮೋಟಾರು ಭೋಗವಸ್ತುವಲ್ಲ.

ಇಲ್ಲಿ ನಾವು ಒತ್ತಿ ಹೇಳಬೇಕಾದ ಮಾತೊಂದಿದೆ. ಎರಡನೆಯದೆಂದ ಮಾತ್ರಕ್ಕೆ ಅದು ಎರಡನೆಯ ದರ್ಜೆಯದಾಗಬೇಕೆಂದು ಬಹು ಜನರು ಭಾವಿಸುತ್ತಾರೆ. “ಊರೊಳಗೆ ತಾನೆ ಓಡುವುದು, ಮಕ್ಕಳನ್ನು ಶಾಲೆಗೆ ಬಿಡುವುದಕ್ಕೆ ತಾನೆ, ಯಾವುದಾದರೇನು?” ಎನ್ನುತ್ತಾರೆ. ಆದರೆ ದೊಡ್ಡ ಗಟ್ಟಿ ಮೋಟಾರಿನಲ್ಲಿ ಪ್ರತಿದಿನ ಹೋಗುವವರು ಒಬ್ಬರು. ಹಳೆಯ ತಗಡಿನ ಗಾಡಿಯಲ್ಲಿ ಹೋಗುವವರು ತಾಯಿ, ಎರಡು ಮಕ್ಕಳು ಮತ್ತು ಅಜ್ಜಿ. ಮನೆಯ ಅಮೂಲ್ಯವಾದ ಹೊರೆಯನ್ನು ಹೊರುವ ಗಾಡಿ ಯಾವುದೆಂಬುದನ್ನು ವಾಚಕರೇ ವಿಚಾರಿಸಿ ನೋಡಲಿ. ಬೆಳಗಿನ ಹೊತ್ತು ದೊಡ್ಡ ಗಾಡಿಯನ್ನು ಮಕ್ಕಳಿಗೆ ಬಿಟ್ಟುಕೊಟ್ಟು, ಸಣ್ಣದನ್ನು ತಾವೇ ಕಚೇರಿಗೆ ತೆಗೆದುಕೊಂಡುಹೋಗುವುದು ಎಷ್ಟೋ ಮನೆಗಳಲ್ಲಿ ಯುಕ್ತವಾದ ಏರ್ಪಾಡು. ಅದು ಸಾಧ್ಯವಿಲ್ಲದಿದ್ದರೆ ಸಣ್ಣ ಗಾಡಿಯ ರಕ್ಷಣೆಯ ವಿಷಯದಲ್ಲಿ ಜಿಪುಣತನ ಸಲ್ಲದು.

2014ನೆಯ ಜನವರಿಯಲ್ಲಿ ಗ್ಲೋಬಲ್ ಎನ್‌ಕ್ಯಾಪ್ ಎಂಬ ಸಂಸ್ಥೆಯವರು ಭಾರತದಲ್ಲಿ ಮಾರುತ್ತಿದ್ದ ಐದು ಸಣ್ಣ ಕಾರುಗಳನ್ನು ಗಂಟೆಗೆ 64 ಕಿಲೋಮೀಟರು ವೇಗದಲ್ಲಿ ಡಿಕ್ಕಿ ಹೊಡೆಸಿ ಪರೀಕ್ಷಿಸಿದರು. ಏರ್‌ಬ್ಯಾಗುಗಳಿಲ್ಲದ ಆ ಐದರಲ್ಲಿ ಒಂದಕ್ಕೂ ದೊಡ್ಡವರ ರಕ್ಷಣೆಯಲ್ಲಿ ಒಂದು ನಕ್ಷತ್ರವೂ ದೊರೆಯಲಿಲ್ಲ. ಅನಂತರ ಸರ್ಕಾರದ ಕಟ್ಟಳೆಗಳು ಒಂದೊಂದಾಗಿ ಬಂದುವು. 2019ರಲ್ಲಿ ಬ್ರೇಕು ಹಾಕಿದಾಗ ಚಕ್ರಗಳು ಬಿಗಿದು ಜಾರದಂತೆ ತಡೆಯುವ ಎಬಿಎಸ್ ಏರ್ಪಾಡೂ, ಚಾಲಕರಿಗೆ ಏರ್‌ಬ್ಯಾಗೂ, ಡಿಕ್ಕಿ ಪರೀಕ್ಷೆಯೂ ಎಲ್ಲ ಹೊಸ ಕಾರುಗಳಿಗೆ ಕಡ್ಡಾಯವಾದುವು. ಚಾಲಕರ ಪಕ್ಕದ ಆಸನಕ್ಕೂ ಏರ್‌ಬ್ಯಾಗು 2022ರ ಜನವರಿಯಿಂದ ಎಲ್ಲ ಹೊಸ ಕಾರುಗಳಿಗೂ ಕಡ್ಡಾಯವಾಯಿತು. ಇದರಿಂದ ಹಳೆಯ ಗಾಡಿಯನ್ನು ಕೊಳ್ಳುವವರಿಗೆ ಒಂದು ಸುಲಭ ಸೂತ್ರ ದೊರೆಯುತ್ತದೆ: 2022ರಿಂದ ಈಚೆಗೆ ತಯಾರಾದುದನ್ನೇ ನೋಡತಕ್ಕದ್ದು. ಪೆಟ್ರೋಲಿನಲ್ಲಿ ನೂರಕ್ಕೆ ಇಪ್ಪತ್ತರಷ್ಟು ಎಥನಾಲು ಬೆರೆಯುತ್ತಿರುವ ಈ ಕಾಲದಲ್ಲಿ 2023ರ ಏಪ್ರಿಲ್ಲಿನಿಂದ ಈಚಿನದಾದರೆ ಇನ್ನೂ ಲೇಸು. ಹೊಸದನ್ನು ಕೊಳ್ಳುವವರು 2023ರ ಅಕ್ಟೋಬರಿನಲ್ಲಿ ಆರಂಭವಾದ ಭಾರತ್ ಎನ್‌ಕ್ಯಾಪ್ ಪರೀಕ್ಷೆಯಲ್ಲಿ ಆ ಗಾಡಿಗೆ ಎಷ್ಟು ನಕ್ಷತ್ರಗಳು ದೊರೆತಿವೆಯೆಂದು ಕೇಳಬೇಕು. ದೊಡ್ಡವರಿಗೂ ಮಕ್ಕಳಿಗೂ ಅದರಲ್ಲಿ ಬೇರೆ ಬೇರೆ ಅಂಕಗಳಿವೆ, ಎರಡನ್ನೂ ಕೇಳಬೇಕು.

ಮಕ್ಕಳ ಆಸನದ ವಿಷಯದಲ್ಲಿ ನಮ್ಮವರು ಉದಾಸೀನರು. ಮಗುವನ್ನು ತಾಯಿ ಮಡಿಲಲ್ಲಿ ಹಿಡಿದುಕೊಂಡರೆ ಅದಕ್ಕಿಂತ ಭದ್ರವಾದುದು ಯಾವುದೆಂದು ಕೇಳುವುದುಂಟು. ಡಿಕ್ಕಿಯಾದ ಕ್ಷಣದಲ್ಲಿ ಯಾವ ತಾಯಿಯ ತೋಳೂ ಮಗುವನ್ನು ಹಿಡಿದಿಡಲಾರದು. ಇದು ಪ್ರೀತಿಯ ಕೊರತೆಯಲ್ಲ, ವೇಗದ ಬಲ. ಹದಿನಾಲ್ಕು ವರ್ಷದೊಳಗಿನ ಮಕ್ಕಳನ್ನು ಬೆಲ್ಟಿನಿಂದಾಗಲಿ ಮಕ್ಕಳ ಆಸನದಿಂದಾಗಲಿ ಭದ್ರಪಡಿಸದಿದ್ದರೆ ಸಾವಿರ ರೂಪಾಯಿ ದಂಡವೆಂದು 2019ರ ತಿದ್ದುಪಡಿಯಾದ ಮೋಟಾರು ವಾಹನ ಕಾಯಿದೆಯು ಹೇಳುತ್ತದೆ. ಹಿಮ್ಮುಖವಾಗಿ ಕೂರಿಸುವ ಕೂಸಿನ ಆಸನವನ್ನು ಏರ್‌ಬ್ಯಾಗು ಇರುವ ಮುಂಭಾಗದಲ್ಲಿ ಎಂದಿಗೂ ಇಡಕೂಡದು. ಹಿಂದಿನ ಆಸನದಲ್ಲಿ ಐಸೋಫಿಕ್ಸ್ ಎಂಬ ಕೊಂಡಿಗಳಿರುವುವೇ ಎಂದು ಅಂಗಡಿಯಲ್ಲಿಯೇ ಕೈಹಾಕಿ ನೋಡತಕ್ಕದ್ದು.

ಇನ್ನು ಅಳತೆಯ ಮಾತು. ಸಣ್ಣ ಕಾರುಗಳೆಲ್ಲ ಒಂದೇ ಅಲ್ಲ. ಆಲ್ಟೊ ಕೆ10 ಸುಮಾರು ಮೂರೂವರೆ ಮೀಟರು ಉದ್ದವಿದ್ದು, ಅದರ ಡಿಕ್ಕಿಯಲ್ಲಿ 214 ಲೀಟರು ಸ್ಥಳವಿದೆ. ಟಿಯಾಗೊದಲ್ಲಿ 242 ಲೀಟರು. ವ್ಯಾಗನ್ ಆರ್‌ನಲ್ಲಿ 341 ಲೀಟರು. ಸಂಖ್ಯೆಗಳನ್ನು ಓದಿ ತೃಪ್ತರಾಗದೆ ಮನೆಯವರೆಲ್ಲರೂ ಹೋಗಿ ಕೂತು ನೋಡಬೇಕು. ಮಕ್ಕಳ ಆಸನವನ್ನೂ ಶಾಲೆಯ ಚೀಲಗಳನ್ನೂ ಕೊಂಡೊಯ್ದು ಇಟ್ಟು ನೋಡಬೇಕು. ಹಿಂಬದಿಯಲ್ಲಿ ಎರಡು ಮಕ್ಕಳ ಆಸನಗಳನ್ನು ಕಟ್ಟಿದ ಮೇಲೆ ನಡುವೆ ಅಜ್ಜಿಯವರು ಕೂರುವುದು ಸಣ್ಣ ಕಾರಿನಲ್ಲಿ ಅಸಾಧ್ಯವೆಂಬುದು ಆಗಲೇ ಗೊತ್ತಾಗುತ್ತದೆ. ಅವರ ಸ್ಥಳ ಮುಂದೆ. ಮಂಡಿನೋವಿನವರಿಗೆ ತಗ್ಗಾದ ಆಸನದಿಂದ ಏಳುವುದು ಕಷ್ಟ. ಎತ್ತರವಾದ ಗಾಡಿಯೇ ಅವರಿಗೆ ಹಿತ. ಗಾಡಿಯನ್ನು ನಿಲ್ಲಿಸುವ ಸ್ಥಳವನ್ನೂ ಟೇಪಿನಿಂದ ಅಳೆದು, ಬಾಗಿಲು ತೆರೆಯಲು ಎಡೆಯುಂಟೆ ಎಂದು ನೋಡುವುದು ಒಳ್ಳೆಯದು. ಎಷ್ಟೋ ವಸತಿಸಮುಚ್ಚಯಗಳಲ್ಲಿ ಮನೆಗೆ ಒಂದೇ ಸ್ಥಳವಿರುವುದನ್ನು ಗಾಡಿ ಬಂದ ಮೇಲೆ ನೆನೆದು ಪ್ರಯೋಜನವಿಲ್ಲ.

ಯಾವ ಇಂಧನವೆಂಬುದು ಓಡಾಟವನ್ನು ಅವಲಂಬಿಸಿದೆ. ತಿಂಗಳಿಗೆ ಆರೇಳು ನೂರು ಕಿಲೋಮೀಟರು ಮಾತ್ರ ಓಡುವ ಗಾಡಿಗೆ ಪೆಟ್ರೋಲೇ ಸರಳ. ಸಿಎನ್‌ಜಿಯ ಖರ್ಚು ಕಡಿಮೆ. ಆದರೆ ಅದರ ಸಿಲಿಂಡರು ಡಿಕ್ಕಿಯ ಬಹುಭಾಗವನ್ನು ನುಂಗುತ್ತದೆ, ಗಾಡಿಯ ಬೆಲೆಯೂ ಹೆಚ್ಚು. ಮನೆಯಲ್ಲಿಯೇ ಚಾರ್ಜು ಮಾಡಲು ಸ್ವಂತ ಪ್ಲಗ್ಗು ಇರುವವರಿಗೆ ವಿದ್ಯುತ್ ಕಾರು ಎರಡನೆಯ ಗಾಡಿಯಾಗಿ ಬಹಳ ಚೆನ್ನಾಗಿ ಒಗ್ಗುತ್ತದೆ. ದೂರದ ಪ್ರಯಾಣಕ್ಕೆ ಮೊದಲನೆಯದು ಇದ್ದೇ ಇದೆಯಲ್ಲ. ಪ್ಲಗ್ಗು ಇಲ್ಲದವರಿಗೆ ಅದು ದಿನದಿನದ ಚಿಂತೆಯಾದೀತು. ದಟ್ಟಣೆಯಲ್ಲಿ ಓಡಿಸುವವರಿಗೆ ತಾನೇ ಗೇರು ಬದಲಾಯಿಸುವ ಗಾಡಿಯು ಕಾಲಿಗೂ ಮನಸ್ಸಿಗೂ ವಿಶ್ರಾಂತಿ ಕೊಡುತ್ತದೆ. ಯಾರು ಓಡಿಸುವರೋ ಅವರನ್ನೇ ಕೇಳಿ ಗೊತ್ತುಮಾಡತಕ್ಕದ್ದು. ಬಣ್ಣವನ್ನು ಮಾತ್ರ ಆರಿಸಲು ಗೃಹಿಣಿಯನ್ನು ಕರೆಯುವ ಪದ್ಧತಿಯನ್ನು ಬಿಡಬೇಕು.

ಹೊಸದೋ ಹಳೆಯದೋ? 2025ರ ಸೆಪ್ಟೆಂಬರ್ 22ರಿಂದ ನಾಲ್ಕು ಮೀಟರು ಮೀರದ, 1200 ಸಿಸಿ ಮೀರದ ಪೆಟ್ರೋಲ್ ಕಾರುಗಳ ಮೇಲಿನ ಜಿಎಸ್‌ಟಿಯು ನೂರಕ್ಕೆ 28ರಿಂದ 18ಕ್ಕೆ ಇಳಿದು, ಮೇಲಿನ ಸೆಸ್ಸೂ ಹೋಯಿತು. ಇದರಿಂದ ಹೊಸದಕ್ಕೂ ಒಂದೆರಡು ವರ್ಷ ಹಳೆಯದಕ್ಕೂ ಇದ್ದ ಅಂತರ ಕಿರಿದಾಗಿದೆ. ಒಂದೆರಡು ವರ್ಷದ ಗಾಡಿಗೆ ಹೊಸದರ ಸಮೀಪದ ಬೆಲೆ ಕೇಳಿದರೆ ಹೊಸದೇ ಮೇಲು. ಮೂರು ನಾಲ್ಕು ವರ್ಷದ್ದು ತಕ್ಕ ಬೆಲೆಗೆ ದೊರೆತರೆ ಲಾಭವಿದೆ. ಏಕೆಂದರೆ ಬೆಲೆಯ ಮೊದಲ ಇಳಿತವನ್ನೂ ಜೀವಾವಧಿ ತೆರಿಗೆಯನ್ನೂ ಮೊದಲಿನವರೇ ಹೊತ್ತಿರುತ್ತಾರೆ.

ಹಳೆಯದನ್ನು ಕೊಳ್ಳುವಾಗ ಹಗಲಿನಲ್ಲಿ, ಪರಿಚಿತ ಮೆಕ್ಯಾನಿಕ್ಕನ್ನು ಕರೆದುಕೊಂಡು ಹೋಗಬೇಕು. ಸರ್ವಿಸಿನ ದಾಖಲೆಯನ್ನು ಮೀಟರಿನ ಸಂಖ್ಯೆಯೊಡನೆ ಹೋಲಿಸಬೇಕು. ಟೈರಿನ ಪಕ್ಕದ ನಾಲ್ಕು ಅಂಕಿಗಳು ಅದು ತಯಾರಾದ ವಾರವನ್ನೂ ವರ್ಷವನ್ನೂ ಹೇಳುತ್ತವೆ. 2022ರ ಸೆಪ್ಟೆಂಬರಿನಲ್ಲಿ ಪೂರ್ವ ಬೆಂಗಳೂರಿನ ಬಡಾವಣೆಗಳಲ್ಲಿ ಕಾರುಗಳು ನೀರಿನಲ್ಲಿ ಮುಳುಗಿದುದನ್ನು ವಾಚಕರು ಮರೆತಿರಲಾರರು. ಕಾಲಡಿಯ ಹಾಸನ್ನು ಎತ್ತಿ ಕೆಸರಿನ ಗುರುತನ್ನೂ, ಆಸನದ ಕೆಳಗಿನ ಕಂಬಿಯಲ್ಲಿ ತುಕ್ಕನ್ನೂ ಹುಡುಕಬೇಕು; ಮುಗ್ಗುವಾಸನೆ ಬಂದರೆ ಹಿಂದಿರುಗಿಬಿಡಬೇಕು. ಬಾಕಿಯಿರುವ ಸಂಚಾರ ದಂಡಗಳನ್ನೂ ತೀರದ ಬ್ಯಾಂಕಿನ ಸಾಲವನ್ನೂ ಸರ್ಕಾರದ ಪರಿವಾಹನ್ ತಾಣದಲ್ಲಿ ನೋಡಬಹುದು. 29 ಮತ್ತು 30ನೆಯ ನಮೂನೆಗಳಿಗೆ ರುಜುವಾಗದೆ, ಸಾಲವಿದ್ದರೆ 35ನೆಯದು ಬ್ಯಾಂಕಿನಿಂದ ಬಾರದೆ, ಪೂರ್ತಿ ಹಣವನ್ನು ಕೈಬಿಡಕೂಡದು.

ವಿಮೆಯ ಬಗ್ಗೆ ಒಂದು ಸೂಚನೆ. ಒಂದು ವರ್ಷ ಪರಿಹಾರ ಕೇಳದಿದ್ದರೆ ನೂರಕ್ಕೆ 20, ಐದು ವರ್ಷ ಕೇಳದಿದ್ದರೆ 50ರವರೆಗೆ ದೊರೆಯುವ ರಿಯಾಯಿತಿಯು ಗಾಡಿಯದಲ್ಲ, ಯಜಮಾನರದು. ಆದರೆ ಮೊದಲನೆಯ ಗಾಡಿಯನ್ನು ಇಟ್ಟುಕೊಂಡಿರುವಾಗ ಅದೇ ರಿಯಾಯಿತಿಯನ್ನು ಎರಡನೆಯದಕ್ಕೂ ಕೇಳಲಾಗದು. ಮಾರುವವರ ರಿಯಾಯಿತಿಯೂ ಕೊಳ್ಳುವವರಿಗೆ ಬಾರದು.

ಹಾಸಿಗೆ ಇದ್ದಷ್ಟು ಕಾಲು ಚಾಚಬೇಕೆಂಬ ಹಿರಿಯರ ಮಾತು ಇಲ್ಲಿಯೂ ಸಲ್ಲುತ್ತದೆ. ಹಣ ಸಾಲದಾದಾಗ ಮೊದಲು ಬಿಡತಕ್ಕದ್ದು ಹೊಳೆಯುವ ಚಕ್ರವನ್ನು, ದೊಡ್ಡ ತೆರೆಯನ್ನು, ಸೂರಿನ ಕಿಟಕಿಯನ್ನು. ಅದೂ ಸಾಲದಿದ್ದರೆ ಹೊಸದೆಂಬ ಹೆಮ್ಮೆಯನ್ನು ಬಿಡಬಹುದು. ಅದೂ ಸಾಲದಿದ್ದರೆ ಒಂದು ವರ್ಷ ಕಾದು ಹಣ ಕೂಡಿಸಬಹುದು. ಏರ್‌ಬ್ಯಾಗನ್ನೂ, ಒಳ್ಳೆಯ ಬ್ರೇಕನ್ನೂ, ಮಗುವಿನ ಆಸನವನ್ನೂ ಮಾತ್ರ ಬಿಡಲಾಗದು. ಪ್ರತಿದಿನ ಬೆಳಗ್ಗೆ ಆ ಸಣ್ಣ ಗಾಡಿಯಲ್ಲಿ ಹೊರಡುವವರು ಯಾರೆಂಬುದನ್ನು ನೆನೆದು ಲೆಕ್ಕ ಹಾಕುವ ಗೃಹಸ್ಥರು ತಪ್ಪು ಗಾಡಿಯನ್ನು ಮನೆಗೆ ತರಲಾರರೆಂದು ನಾವು ನಂಬುತ್ತೇವೆ.