ಹಿರಿದಾದ ತಂತುವಿನಲ್ಲಿ ಬೆಳಕಿನ ಒಂದೇ ನಡೆ

ಗಾಜಿನ ತಂತುಗಳ ಪಾಠವನ್ನು ಓದಿದ ವಿದ್ಯಾರ್ಥಿಯನ್ನು ಪ್ರಶ್ನಿಸಿದರೆ ಅವನು ತಡವರಿಸದೆ ಒಂದು ಪಟ್ಟಿಯನ್ನು ಒಪ್ಪಿಸುತ್ತಾನೆ: ಕಿರಿದಾದ ತಿರುಳುಳ್ಳದ್ದು ಏಕಮೋಡ್ ತಂತು, ಹಿರಿದಾದ ತಿರುಳುಳ್ಳದ್ದು ಬಹುಮೋಡ್ ತಂತು. ಪರೀಕ್ಷೆಯಲ್ಲಿ ಈ ಉತ್ತರಕ್ಕೆ ಅಂಕಗಳು ದೊರೆಯುತ್ತವೆ. ಆದರೆ ಇದು ಅರ್ಧ ಸತ್ಯ. ಇದನ್ನೇ ಪೂರ್ಣ ಸತ್ಯವೆಂದು ಕಲಿಸುವುದರಿಂದ ಭೌತವಿಜ್ಞಾನದ ಒಂದು ಮುಖ್ಯ ವಿವೇಕವು ವಿದ್ಯಾರ್ಥಿಯ ಕೈತಪ್ಪಿಹೋಗುತ್ತಿದೆ ಎಂಬುದು ನನ್ನ ಅಭಿಪ್ರಾಯ.

ಮೊದಲು ವಿಷಯವನ್ನು ಸ್ಪಷ್ಟಪಡಿಸಿಕೊಳ್ಳೋಣ. ತಂತುವಿನ ನಡುವೆ ತಿರುಳು. ಅದರ ಸುತ್ತ, ವಕ್ರೀಭವನಾಂಕವು ತುಸು ಕಡಿಮೆಯಿರುವ ಗಾಜಿನ ಹೊದಿಕೆ. ಬೆಳಕು ಅಲೆಯಾದುದರಿಂದ ಕೆಲವು ನಿಶ್ಚಿತ ವಿನ್ಯಾಸಗಳಲ್ಲಿ ಮಾತ್ರ ತನ್ನ ಆಕಾರ ಕೆಡದಂತೆ ತಿರುಳಿನೊಳಗೆ ಸಾಗಬಲ್ಲದು. ಇಂಥ ಒಂದೊಂದು ವಿನ್ಯಾಸಕ್ಕೂ ಮೋಡ್ ಎಂದು ಹೆಸರು. ಮೂಲ ಮೋಡ್‌ನಲ್ಲಿ ಬೆಳಕು ನಡುವೆ ದಟ್ಟವಾಗಿದ್ದು ಅಂಚಿನತ್ತ ಕ್ಷೀಣಿಸುತ್ತದೆ. ಮೇಲಿನ ಮೋಡ್‌ಗಳಲ್ಲಿ ಅದು ಹಲವು ತುಣುಕುಗಳಾಗಿ ಒಡೆದು ಅಂಚಿನವರೆಗೂ ಚಾಚಿಕೊಳ್ಳುತ್ತದೆ.

ತಿರುಳಿನ ಸುತ್ತಳತೆಯನ್ನು, ತಂತು ಬೆಳಕನ್ನು ಒಳಗೊಳ್ಳಬಲ್ಲ ಗರಿಷ್ಠ ಕೋನದ ಸೈನ್ ಬೆಲೆಯಿಂದ ಗುಣಿಸಿ, ಬೆಳಕಿನ ಅಲೆಯುದ್ದದಿಂದ ಭಾಗಿಸಿದರೆ 'ವಿ-ಸಂಖ್ಯೆ' ದೊರೆಯುತ್ತದೆ. ಸರಳ ರಚನೆಯ ತಂತುವಿನಲ್ಲಿ ಇದು 2.405ಕ್ಕಿಂತ ಕಡಿಮೆಯಿದ್ದರೆ ಮೂಲ ಮೋಡ್ ಒಂದಕ್ಕೇ ಎಡೆ. ಆದ್ದರಿಂದಲೇ ವಾರ್ತಾಸಂಪರ್ಕದ ಏಕಮೋಡ್ ತಂತುವಿನ ತಿರುಳು ಸುಮಾರು 9 ಮೈಕ್ರಾನ್, ಅಂದರೆ ಮಿಲಿಮೀಟರಿನ ಸಾವಿರದಲ್ಲಿ ಒಂಬತ್ತು ಪಾಲು, ಅಗಲವಿರುತ್ತದೆ.

ಈ ನಿಯಮದಲ್ಲಿ ದೋಷವೇನೂ ಇಲ್ಲ. ಆದರೆ ಎಷ್ಟು ಮೋಡ್‌ಗಳಿಗೆ ಅವಕಾಶವಿದೆ ಎಂಬುದನ್ನು ಮಾತ್ರ ಅದು ಹೇಳುತ್ತದೆ. ಎಷ್ಟು ಮೋಡ್‌ಗಳಲ್ಲಿ ಬೆಳಕು ವಾಸ್ತವವಾಗಿ ಸಾಗುತ್ತಿದೆ ಎಂಬುದು ಬೇರೆಯ ಪ್ರಶ್ನೆ. ವೀಣೆಯ ತಂತಿಯನ್ನು ನೋಡಿರಿ. ಮೂಲಸ್ವರದೊಡನೆ ಹಲವು ಉಪಸ್ವರಗಳಿಗೂ ಅದರಲ್ಲಿ ಅವಕಾಶವುಂಟು. ಆದರೆ ಯಾವುವು ಎಷ್ಟು ಬಲವಾಗಿ ಹೊಮ್ಮುವುವೆಂಬುದು ಮೀಟುವ ಸ್ಥಳವನ್ನು ಅವಲಂಬಿಸಿದೆ. ತಂತುವಿನ ಸಂಗತಿಯೂ ಹಾಗೆಯೇ. ಮೂಲ ಮೋಡ್‌ನ ಆಕಾರಕ್ಕೆ ಹೊಂದುವಂತೆ ಕಿರಣವನ್ನು ತಿರುಳಿನ ನಟ್ಟನಡುವೆ ಸರಿಯಾಗಿ ಹಾಯಿಸಿದರೆ ಬಹುಮೋಡ್ ತಂತುವಿನಲ್ಲಿಯೂ ಒಂದೇ ಮೋಡ್ ಜಾಗೃತವಾಗುತ್ತದೆ. 1998ರಲ್ಲಿ ಮಾರ್ಟಿನ್ ಫರ್ಮನ್ ಎಂಬ ವಿಜ್ಞಾನಿ ಅತ್ಯಲ್ಪಕಾಲದ ಬೆಳಕಿನ ಮಿಡಿತಗಳನ್ನು ಬಳಸಿ ಇದನ್ನು ತೋರಿಸಿಕೊಟ್ಟರು.

ಇದೆಲ್ಲ ಕೇವಲ ಕುತೂಹಲದ ಮಾತಲ್ಲವೇ ಎಂದು ಕೇಳಬಹುದು. ಹಾಗಲ್ಲ. ಉಕ್ಕನ್ನು ಕತ್ತರಿಸುವ ತಂತು-ಲೇಸರ್‌ಗಳ ಪ್ರಬಲ ಬೆಳಕನ್ನು ಕಿರಿದಾದ ತಿರುಳಿನಲ್ಲಿ ಹಿಡಿದಿಡುವುದು ಕಷ್ಟ. ಮಿತಿಮೀರಿ ದಟ್ಟವಾದ ಬೆಳಕು ಗಾಜನ್ನೇ ಹಾಳುಗೆಡವಬಹುದು. ಸರ್ ಸಿ. ವಿ. ರಾಮನ್ನರು 1928ರಲ್ಲಿ ಗುರುತಿಸಿದ ಚದರಿಕೆಯೇ ಇಲ್ಲಿ ಪ್ರಚೋದಿತವಾಗಿ ಉಕ್ಕಿ, ಬೆಳಕಿನ ಶಕ್ತಿಯನ್ನು ಬೇರೆ ಅಲೆಯುದ್ದಕ್ಕೆ ಕದ್ದೊಯ್ಯುತ್ತದೆ. ತಿರುಳನ್ನು ಅಗಲಿಸಿದರೆ ಈ ತೊಡಕುಗಳು ತಗ್ಗುತ್ತವೆ. ಆದರೆ ಹಲವು ಮೋಡ್‌ಗಳು ಬೆರೆತರೆ ಕಿರಣವನ್ನು ಅತಿ ಸಣ್ಣ ಬಿಂದುವಿಗೆ ಕೂಡಿಸಲಾಗದು. ಅಗಲವೂ ಬೇಕು, ಏಕತೆಯೂ ಬೇಕು.

2000ದಲ್ಲಿ ಅಮೆರಿಕದ ಕಾಪ್ಲೋ, ಕ್ಲೈನರ್ ಮತ್ತು ಗೋಲ್ಡ್‌ಬರ್ಗ್ ಇದಕ್ಕೆ ಸೊಗಸಾದ ಉಪಾಯವನ್ನು ಪ್ರಕಟಿಸಿದರು. ಇಟರ್ಬಿಯಂ ಬೆರೆಸಿದ, 25 ಮೈಕ್ರಾನ್ ತಿರುಳಿನ ವರ್ಧಕ ತಂತುವನ್ನು ಅವರು ಬಿಗಿಯಾದ ಸುರುಳಿಯಾಗಿ ಸುತ್ತಿದರು. ಅದರ ವಿ-ಸಂಖ್ಯೆ ಸುಮಾರು 7.4, ಎಂದರೆ ಮಿತಿಯ ಮೂರುಪಟ್ಟು. ತಂತು ಬಾಗಿದಾಗ ಬೆಳಕು ಸೋರುವುದನ್ನು ಪಠ್ಯಗಳು ನಷ್ಟದ ಲೆಕ್ಕದಲ್ಲಿ ಬರೆಯುತ್ತವೆ. ಆದರೆ ಅಂಚಿಗೆ ಚಾಚಿದ ಮೇಲಿನ ಮೋಡ್‌ಗಳೇ ಮೊದಲು ಸೋರುತ್ತವೆ. ನಡುವೆ ನೆಲೆಸಿದ ಮೂಲ ಮೋಡ್ ಉಳಿಯುತ್ತದೆ. ಅವು ಬೆಳೆಯುವ ಮೊದಲೇ ಅಡಗುವುದರಿಂದ, ತಂತುವಿಗೆ ಊಡಿದ ಶಕ್ತಿ ಮೂಲ ಮೋಡ್‌ಗೇ ಸಲ್ಲುತ್ತದೆ. ಸುತ್ತದ ತಂತುವಿಗೆ ಹೋಲುವ ದಕ್ಷತೆಯೇ ಸುತ್ತಿದ ತಂತುವಿನಿಂದಲೂ ದೊರಕಿತು. ದೋಷವೆಂದು ತಳ್ಳಿದ್ದೇ ಶೋಧಕವಾಯಿತು.

ವರ್ಗೀಕರಣವಿಲ್ಲದೆ ವಿಜ್ಞಾನವನ್ನು ಕಲಿಸುವುದೆಂತು ಎಂದು ಉಪಾಧ್ಯಾಯರು ಆಕ್ಷೇಪಿಸಬಹುದು. ಆಕ್ಷೇಪ ನ್ಯಾಯವಾದುದೇ. ಪಟ್ಟಿ ಆರಂಭಕ್ಕೆ ಅಗತ್ಯ. ಅಲ್ಲಿಯೇ ನಿಲ್ಲುವುದು ತಪ್ಪು. ಸುರುಳಿಯ ಉಪಾಯಕ್ಕೂ ಮಿತಿಯುಂಟು: ತಿರುಳು ಬಹಳ ಹಿರಿದಾದರೆ, ಬಾಗುವಿಕೆಯು ಮೂಲ ಮೋಡನ್ನೇ ಒಂದು ಪಕ್ಕಕ್ಕೆ ಒತ್ತಿ ಕುಗ್ಗಿಸುತ್ತದೆ. ಇನ್ನೂ ಗಂಭೀರವಾದ ಎಚ್ಚರಿಕೆಯೊಂದು ಜರ್ಮನಿಯ ಯೇನಾ ನಗರದ ಸಂಶೋಧಕರಿಂದ 2011ರಲ್ಲಿ ಬಂದಿತು. ಶಕ್ತಿಯು ಒಂದು ಹೊಸ್ತಿಲನ್ನು ದಾಟಿದೊಡನೆ, ಸ್ಥಿರವಾಗಿದ್ದ ಕಿರಣವು ಹಠಾತ್ತನೆ ತೊಯ್ದಾಡತೊಡಗುತ್ತದೆ. ತಂತುವಿನೊಳಗಿನ ಶಾಖವು ವಕ್ರೀಭವನಾಂಕವನ್ನು ಏರಿಳಿಸಿ, ಖಾಲಿಯಿದ್ದ ಮೋಡ್‌ಗಳಿಗೆ ಬೆಳಕನ್ನು ಹರಿಸುವುದೇ ಇದರ ಕಾರಣವೆಂದು ತಿಳಿದುಬಂದಿದೆ. ಮುಚ್ಚಿದ ಬಾಗಿಲು ಬೇರೆ, ಯಾರೂ ಹಾಯದ ತೆರೆದ ಬಾಗಿಲು ಬೇರೆ. ಏಕಮೋಡ್ ತಂತುವಿನಲ್ಲಿ ಬಾಗಿಲು ಮುಚ್ಚಿದೆ; ಹಿರಿದಾದ ತಂತುವಿನಲ್ಲಿ ಅದನ್ನು ಸದಾ ಕಾಯುತ್ತಿರಬೇಕು.

ಆದುದರಿಂದ ನಮ್ಮ ಪ್ರಶ್ನಪತ್ರಿಕೆಗಳಲ್ಲಿ 'ವ್ಯತ್ಯಾಸಗಳನ್ನು ಬರೆಯಿರಿ' ಎಂಬುದರ ಜೊತೆಗೆ ಇನ್ನೊಂದು ಪ್ರಶ್ನೆಯೂ ಇರಲಿ: 'ಬಹುಮೋಡ್ ತಂತುವಿನಲ್ಲಿ ಒಂದೇ ಮೋಡ್ ಉಳಿಯುವಂತೆ ನೀವು ಏನು ಮಾಡುವಿರಿ?' ಮೊದಲನೆಯದಕ್ಕೆ ನೆನಪು ಸಾಕು. ಎರಡನೆಯದಕ್ಕೆ ಉತ್ತರಿಸಬೇಕಾದರೆ ಬೆಳಕನ್ನು ಅರಿತಿರಬೇಕು.