ಮೇಲ್ಮನೆಯಿಂದ ಕೆಳಮನೆಗೆ
ಹುಲಕೋಟಿಯ ಸಹಕಾರಿ ಧುರೀಣ ಕೆ.ಎಚ್. ಪಾಟೀಲರ ಪುತ್ರ ಎಚ್.ಕೆ. ಪಾಟೀಲರ ಶಾಸಕ ಜೀವನವು 1984ರಲ್ಲಿ ವಿಧಾನ ಪರಿಷತ್ತಿನ ಪಶ್ಚಿಮ ಪದವೀಧರ ಕ್ಷೇತ್ರದಿಂದ, ಎಂದರೆ ಹೆಸರು ನೋಂದಾಯಿಸಿದ ಪದವೀಧರರಷ್ಟೇ ಮತ ಹಾಕುವ ಕ್ಷೇತ್ರದಿಂದ ಆರಂಭವಾಗಿ, ಸತತ ನಾಲ್ಕು ಗೆಲುವುಗಳನ್ನು ಕಂಡಿತು. ಆದರೆ ಅವರು ಕೆಳಮನೆಯತ್ತ ಹೊರಳಿದಾಗ, 2008ರ ವಿಧಾನಸಭಾ ಚುನಾವಣೆಯಲ್ಲಿ ಗದಗ ಕ್ಷೇತ್ರ ಅವರನ್ನು ಸೋಲಿಸಿತು. ಎರೆಹೊಲದ ಮತದಾರನ ಲೆಕ್ಕಾಚಾರ ಪದವೀಧರನದಕ್ಕಿಂತ ಬೇರೆಯೆಂಬುದನ್ನು ಬಹುಶಃ ಆ ಸೋಲೇ ಕಲಿಸಿತು. 2013ರಲ್ಲಿ ಅಲ್ಲಿಂದಲೇ ಗೆದ್ದು ಅವರು ಗ್ರಾಮೀಣಾಭಿವೃದ್ಧಿ ಸಚಿವರಾದ ಮೇಲೆ, ಫ್ಲೋರೈಡ್ ಬೆರೆತ ಕೊಳವೆಬಾವಿಯ ನೀರನ್ನು ಸೂಕ್ಷ್ಮ ಪೊರೆಯ ಮೂಲಕ ಒತ್ತಡದಿಂದ ಹಾಯಿಸಿ ಸೋಸುವ, ನಾಣ್ಯ ಹಾಕಿದರೆ ಕೊಡ ತುಂಬಿಸುವ ಘಟಕಗಳು ಹಳ್ಳಿಹಳ್ಳಿಗೆ ಬಂದವು. ನಿರ್ವಹಣೆಯ ಶ್ರದ್ಧೆ ಮಾತ್ರ ಎಲ್ಲೆಡೆ ಒಂದೇ ಆಗಿರಲಿಲ್ಲ. 2018ರಲ್ಲೂ 2023ರಲ್ಲೂ ಗದಗ ಅವರನ್ನೇ ಆರಿಸಿತು.